ಮುಖವಾಡದ ಹಂತಕ ಮತ್ತು ಮನಸ್ಸು ಬದಲಾಯಿಸಿದ ಅಭಿಮಾನಿಗಳು

1982ರ ಅಕ್ಟೋಬರ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ‘ಹ್ಯಾಲೋವೀನ್’ ಸರಣಿಯ ಮೂರನೇ ಚಿತ್ರ ಬಂತು. ಜನ ಟಿಕೆಟ್ ಕೊಂಡದ್ದು ಮೈಕಲ್ ಮೈಯರ್ಸ್‌ನನ್ನು ನೋಡಲು. ಬಿಳಿಚಿಕೊಂಡ ಮುಖವಾಡ, ಕೈಯಲ್ಲಿ ಅಡುಗೆಮನೆಯ ಚಾಕು, ಬಾಯಿಂದ ಒಂದು ಮಾತೂ ಹೊರಡದ ಆ ಹಂತಕ ಎರಡು ಚಿತ್ರಗಳಲ್ಲಿ ಮನೆಮಾತಾಗಿದ್ದ. ಮೂರನೆಯದರ ಕಥೆಯಲ್ಲಿ ಅವನೇ ಇಲ್ಲ! ಅವನ ಬದಲು ಮಕ್ಕಳ ಮುಖವಾಡ ತಯಾರಿಸುವ ಕಾರ್ಖಾನೆಯ ಮುದಿ ಮಾಲೀಕ, ಸ್ಟೋನ್‌ಹೆಂಜ್‌ನಿಂದ ಕದ್ದು ತಂದ ಬಂಡೆ, ಟಿ.ವಿ.ಯಲ್ಲಿ ಬಿಟ್ಟೂಬಿಡದೆ ಬರುವ ಒಂದು ಜಾಹೀರಾತಿನ ಹಾಡು. ನಿರ್ಮಾಪಕರಿಗೆ ವರ್ಷಕ್ಕೊಂದು ಹೊಸ ಕಥೆ ಹೇಳುವ ಆಸೆಯಿತ್ತು. ಪ್ರೇಕ್ಷಕರಿಗೆ ತಮ್ಮ ಹಳೆಯ ಹಂತಕನೇ ಬೇಕಿತ್ತು. ಅವರು ಬೈದುಕೊಂಡು ಹೊರಬಂದರು. 1988ರಲ್ಲಿ ನಾಲ್ಕನೇ ಚಿತ್ರ ತೆರೆಗೆ ಬರುವಾಗ, ಮೈಕಲ್ ಮೈಯರ್ಸ್ ಮರಳಿ ಬಂದಿದ್ದಾನೆ ಎಂದು ಶೀರ್ಷಿಕೆಯಲ್ಲೇ ಭರವಸೆ ಕೊಡಬೇಕಾಯಿತು. ಈಗ ಅದೇ ಮೂರನೇ ಚಿತ್ರವನ್ನು ಪ್ರತಿ ಅಕ್ಟೋಬರ್‌ನಲ್ಲಿ ತಪ್ಪದೆ ನೋಡುವ ಬಳಗವಿದೆ. ಅದರ ಮುಖವಾಡಗಳ ಪ್ರತಿಕೃತಿಗಳು ಮಾರಾಟವಾಗುತ್ತವೆ, ಆ ಜಾಹೀರಾತಿನ ಹಾಡು ಅಭಿಮಾನಿಗಳಿಗೆ ಬಾಯಿಪಾಠ.

ಚಿತ್ರದ ಒಂದು ಫ್ರೇಮೂ ಬದಲಾಗಿಲ್ಲ. ಹಾಗಿದ್ದರೆ ಬೈಗುಳ ಪ್ರೀತಿಯಾದದ್ದು ಹೇಗೆ? ವಯಸ್ಸಾದಂತೆ ಎಲ್ಲವೂ ಚೆಂದ ಕಾಣುತ್ತದೆ ಎಂಬ ಉತ್ತರ ಅರ್ಧ ಸತ್ಯ. ಇನ್ನರ್ಧ ಈ ಬಗೆಯ ಚಿತ್ರಗಳ ಸ್ವಭಾವದಲ್ಲೇ ಇದೆ. ಸ್ಲ್ಯಾಷರ್ ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡಿದರೆ ಅವು ಪೂರ್ತಿ ದಕ್ಕುವುದಿಲ್ಲ. ಅವು ಒಂದೇ ಕಥೆಯನ್ನು ನೂರು ಸಲ ಹೇಳುತ್ತವೆ. ಒಂದು ಚಿತ್ರ ಹೇಗೆ ಕಾಣುತ್ತದೆ ಎಂಬುದು ಅದಕ್ಕೂ ಮೊದಲು ನೀವು ಎಷ್ಟು ನೋಡಿದ್ದೀರಿ, ಈ ಸಲ ಯಾರ ಪಕ್ಷ ವಹಿಸಿ ಕುಳಿತಿದ್ದೀರಿ ಎಂಬುದನ್ನು ಅವಲಂಬಿಸಿರುತ್ತದೆ. ನಲವತ್ತೈದು ವರ್ಷಗಳಲ್ಲಿ ಅಭಿಮಾನಿಗಳು ಮತ್ತೆ ಮತ್ತೆ ಪಕ್ಷ ಬದಲಾಯಿಸಿದ್ದಾರೆ.

ಸ್ಲ್ಯಾಷರ್ ಎಂದರೇನು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳೋಣ, ಏಕೆಂದರೆ ನಮ್ಮಲ್ಲಿ ಹಾರರ್ ಎಂದ ಕೂಡಲೇ ಬಿಳಿ ಸೀರೆ, ಹಾಳು ಬಂಗಲೆ, ಕಾಲಿಲ್ಲದ ದೆವ್ವ ಕಣ್ಣ ಮುಂದೆ ಬರುತ್ತವೆ. ಸ್ಲ್ಯಾಷರ್‌ಗೆ ದೆವ್ವ ಬೇಕೆಂದೇನಿಲ್ಲ. ಹಂತಕ ಮನುಷ್ಯ, ಅಥವಾ ಮನುಷ್ಯನಂತೆ ನಡೆದಾಡುವವನು. ಅವನು ಹದಿಹರೆಯದವರ ಒಂದು ಗುಂಪನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಕೂಗಿದರೆ ಯಾರಿಗೂ ಕೇಳದ ಜಾಗ: ಕೆರೆಯ ದಂಡೆಯ ಬೇಸಿಗೆ ಶಿಬಿರ, ರಜೆಗೆ ಖಾಲಿಯಾದ ವಿದ್ಯಾರ್ಥಿನಿಲಯ, ಹೆತ್ತವರು ಊರಲ್ಲಿಲ್ಲದ ಮನೆ. ಕಥೆಯ ಬುಡದಲ್ಲಿ ಎಂದೋ ನಡೆದ ಒಂದು ಅನ್ಯಾಯವೋ ಅಪಘಾತವೋ ಇರುತ್ತದೆ. ಬಂದೂಕು ಅಪರೂಪ. ಬಂದೂಕಿನವನು ದೂರದಲ್ಲೇ ನಿಲ್ಲಬಹುದು, ಚಾಕುವಿನವನು ಹತ್ತಿರ ಬರಲೇಬೇಕು; ಆ ಹತ್ತಿರ ಬರುವ ಹೊತ್ತೇ ಈ ಚಿತ್ರಗಳ ಬಂಡವಾಳ. ಕೊನೆಗೆ ಒಬ್ಬಳು ಹುಡುಗಿ ಉಳಿದು ಅವನನ್ನು ಎದುರಿಸುತ್ತಾಳೆ.

ಈ ಮನೆತನದ ಹಿರಿಯ 1960ರ ‘ಸೈಕೋ’. ನಾಯಕಿ ಎಂದು ನಂಬಿಸಿದವಳನ್ನು ಹಿಚ್‌ಕಾಕ್ ಅರ್ಧ ದಾರಿಗೂ ಮುನ್ನವೇ ಸ್ನಾನದ ಮನೆಯಲ್ಲಿ ಕೊಲ್ಲಿಸಿದ. ಮುಕ್ಕಾಲು ನಿಮಿಷದ ಆ ದೃಶ್ಯಕ್ಕೆ ಒಂದು ವಾರದ ಚಿತ್ರೀಕರಣ ಹಿಡಿಯಿತು. ಕಪ್ಪು ಬಿಳುಪಿನಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಅದೇ ವರ್ಷ ಬ್ರಿಟನ್ನಿನಲ್ಲಿ ಮೈಕಲ್ ಪೊವೆಲ್ ತೆಗೆದ ‘ಪೀಪಿಂಗ್ ಟಾಮ್’, ಕ್ಯಾಮೆರಾ ಹಿಡಿದೇ ಹೆಂಗಸರನ್ನು ಕೊಲ್ಲುವವನ ಕಥೆ. ಅಲ್ಲಿನ ವಿಮರ್ಶಕರು ಎಷ್ಟು ಹೇಸಿಕೊಂಡರೆಂದರೆ ಪೊವೆಲ್‌ನ ವೃತ್ತಿಜೀವನ ತನ್ನ ನಾಡಿನಲ್ಲಿ ಮತ್ತೆ ಮೇಲೇಳಲೇ ಇಲ್ಲ. ಇಪ್ಪತ್ತು ವರ್ಷದ ಮೇಲೆ ಮಾರ್ಟಿನ್ ಸ್ಕಾರ್ಸೇಸಿ ಅದನ್ನು ಮತ್ತೆ ತೆರೆಗೆ ತರಲು ನೆರವಾದ. ಈಗ ಅದು ಪಠ್ಯದಲ್ಲಿ ಓದಿಸುವ ಚಿತ್ರ. ಇಟಲಿಯಲ್ಲಿ ಮಾರಿಯೊ ಬಾವ ಕೈಗವಸು ತೊಟ್ಟ ಕೊಲೆಗಾರರನ್ನು ಬಣ್ಣಬಣ್ಣದ ಬೆಳಕಿನಲ್ಲಿ ನಡೆಸಿದ. 1974ರಲ್ಲಿ ಕೆನಡಾದ ‘ಬ್ಲ್ಯಾಕ್ ಕ್ರಿಸ್‌ಮಸ್’ ಬಂತು, ಟೆಕ್ಸಸ್‌ನಿಂದ ಟೋಬ್ ಹೂಪರ್‌ನ ಗರಗಸದ ಚಿತ್ರ ಬಂತು. ಹೂಪರ್‌ನದು ರಕ್ತದ ಹೊಳೆ ಎಂದು ಹೆಸರಾದರೂ ಅದರಲ್ಲಿ ಕಾಣುವ ರಕ್ತ ಅತ್ಯಲ್ಪ. ಪ್ರೇಕ್ಷಕರು ತಾವು ನೋಡಿದೆವೆಂದು ಹೇಳುವ ಅರ್ಧದಷ್ಟು ಘೋರಗಳು ಪರದೆಯ ಮೇಲೆ ಇಲ್ಲವೇ ಇಲ್ಲ.

ಆದರೆ ಸೂತ್ರ ಗಟ್ಟಿಯಾದದ್ದು 1978ರಲ್ಲಿ, ಜಾನ್ ಕಾರ್ಪೆಂಟರ್‌ನ ‘ಹ್ಯಾಲೋವೀನ್’ನಿಂದ. ಅದರ ಮೊದಲ ದೃಶ್ಯವನ್ನು ನಿಧಾನವಾಗಿ ನೋಡಬೇಕು. 1963ರ ಒಂದು ರಾತ್ರಿ. ಕ್ಯಾಮೆರಾ ಒಂದು ಮನೆಯ ಕಡೆಗೆ ನಡೆಯುತ್ತದೆ, ಕಿಟಕಿಯಲ್ಲಿ ಇಣುಕುತ್ತದೆ, ಮನೆಯನ್ನು ಬಳಸಿ ಹಿಂದಿನಿಂದ ಅಡುಗೆಮನೆಗೆ ನುಗ್ಗುತ್ತದೆ. ಒಂದು ಕೈ ಮುಂದೆ ಬಂದು ಚಾಕು ಎತ್ತಿಕೊಳ್ಳುತ್ತದೆ. ಮೆಟ್ಟಿಲು. ಮಹಡಿಯಲ್ಲಿ ಬಿದ್ದಿದ್ದ ಕೋಡಂಗಿಯ ಮುಖವಾಡವನ್ನು ಕೈ ಎತ್ತಿಕೊಂಡದ್ದೇ ತಡ, ಪರದೆ ಎರಡು ಕಣ್ತೂತುಗಳಷ್ಟಕ್ಕೆ ಕಿರಿದಾಗುತ್ತದೆ. ಕನ್ನಡಿಯ ಮುಂದೆ ಕುಳಿತ ಹುಡುಗಿ ತಿರುಗಿ ನೋಡಿ ಪರಿಚಿತರನ್ನು ಗದರುವಂತೆ ಒಂದು ಹೆಸರು ಕರೆಯುತ್ತಾಳೆ. ಆಮೇಲೆ ಬರೀ ಚಾಕು, ಬರೀ ಉಸಿರು. ಹೊರಗೆ ಬಂದ ಮೇಲೆ ಅಪ್ಪ ಮುಖವಾಡ ಎಳೆಯುತ್ತಾನೆ. ಮೊದಲ ಬಾರಿಗೆ ನಾವು ಹಂತಕನ ಕಣ್ಣಿನಿಂದ ಆಚೆ ಬಂದು ಅವನನ್ನು ನೋಡುತ್ತೇವೆ. ಆರು ವರ್ಷದ ಹುಡುಗ. ಆ ಕೈ ಮಾತ್ರ ಚಿತ್ರದ ಸಹಲೇಖಕಿ, ನಿರ್ಮಾಪಕಿ ಡೆಬ್ರಾ ಹಿಲ್ ಅವರದು. ಹೆಂಗಸರ ವಿರುದ್ಧದ ಚಿತ್ರಗಳು ಎಂದು ಮುಂದೆ ಬೈಸಿಕೊಂಡ ಇಡೀ ಪ್ರಕಾರದ ಅತಿ ಪ್ರಸಿದ್ಧ ಕೊಲೆಯಲ್ಲಿ ಚಾಕು ಹಿಡಿದದ್ದು ಒಬ್ಬ ಹೆಂಗಸು.

ಚಿತ್ರಕ್ಕಾದ ಖರ್ಚು ಸುಮಾರು 3 ಲಕ್ಷ ಡಾಲರ್. ಕಥೆ ನಡೆಯುವುದು ಶರತ್ಕಾಲದಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಎಲೆಗಳಿಗೆ ಬಣ್ಣ ಬಳಿದು ಚೆಲ್ಲಿ, ದೃಶ್ಯ ಮುಗಿದ ಮೇಲೆ ಮತ್ತೆ ಗುಡಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಹಂತಕನ ಮುಖವಾಡ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನದು, ಅಂಗಡಿಯಲ್ಲಿ ಕೊಂಡು ಬಿಳಿ ಬಣ್ಣ ಹೊಡೆದದ್ದು. ಅಮೆರಿಕದಲ್ಲೇ ಅದು 4 ಕೋಟಿ 70 ಲಕ್ಷ ಡಾಲರ್ ಗಳಿಸಿತು. ಈ ಲೆಕ್ಕ ನೋಡಿದ ಶಾನ್ ಕನಿಂಗ್‌ಹ್ಯಾಮ್ ಚಿತ್ರಕಥೆ ಸಿದ್ಧವಾಗುವ ಮೊದಲೇ ‘ಫ್ರೈಡೇ ದ ಥರ್ಟೀನ್ತ್’ ಎಂಬ ಹೆಸರಿನ ಜಾಹೀರಾತು ಕೊಟ್ಟ. 1980ರಲ್ಲಿ ಪ್ಯಾರಾಮೌಂಟ್‌ನಂಥ ದೊಡ್ಡ ಸಂಸ್ಥೆ ಅದನ್ನು ಹಂಚಿತು. ಆರು ಲಕ್ಷ ಡಾಲರ್‌ಗೂ ಕಡಿಮೆ ಖರ್ಚಿನ ಆ ಚಿತ್ರ ಅಮೆರಿಕದಲ್ಲಿ ಹತ್ತಿರಹತ್ತಿರ 4 ಕೋಟಿ ಡಾಲರ್ ತಂದಿತು. ಆಮೇಲೆ ಪಂಚಾಂಗದಲ್ಲಿ ಒಂದು ಹಬ್ಬವೂ ಉಳಿಯಲಿಲ್ಲ: ಕ್ರಿಸ್‌ಮಸ್, ಪ್ರೇಮಿಗಳ ದಿನ, ಹುಟ್ಟುಹಬ್ಬ, ಏಪ್ರಿಲ್ ಮೂರ್ಖರ ದಿನ, ಎಲ್ಲದಕ್ಕೂ ಒಬ್ಬೊಬ್ಬ ಕೊಲೆಗಾರ ಸಿಕ್ಕಿದ.

ಆ ಕಾಲದ ಸಭ್ಯ ಸಮಾಜದ ಭಾವನೆ ಸರಳವಾಗಿತ್ತು: ಅಸಹ್ಯ. ಷಿಕಾಗೋದ ವಿಮರ್ಶಕ ಜೀನ್ ಸಿಸ್ಕೆಲ್ ‘ಫ್ರೈಡೇ’ ವಿಮರ್ಶೆಯಲ್ಲಿ ಕೊಲೆಗಾರ ಯಾರೆಂದು ಬೇಕೆಂದೇ ಬಯಲು ಮಾಡಿ, ಪ್ರತಿಭಟನೆಯ ಪತ್ರ ಬರೆಯಿರಿ ಎಂದು ಓದುಗರನ್ನು ಕೇಳಿಕೊಂಡ. ಅದೇ ವರ್ಷ ಅವನೂ ರೋಜರ್ ಈಬರ್ಟ್‌ನೂ ತಮ್ಮ ಟಿ.ವಿ. ಕಾರ್ಯಕ್ರಮದ ಒಂದು ಇಡೀ ಕಂತನ್ನು ಇಂಥ ಚಿತ್ರಗಳ ವಿರುದ್ಧ ಮೀಸಲಿಟ್ಟರು. ಇವು ಹೆಂಗಸರನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಚಿತ್ರಗಳು. ಕ್ಯಾಮೆರಾ ನಮ್ಮನ್ನು ಕೊಲೆಗಾರನ ಜಾಗದಲ್ಲಿ ನಿಲ್ಲಿಸುತ್ತದೆ, ನಾವು ಅವನ ಪಕ್ಷ ವಹಿಸುವಂತೆ ಮಾಡುತ್ತದೆ ಎಂಬುದು ಅವರ ವಾದ. ಇಬ್ಬರೂ ‘ಹ್ಯಾಲೋವೀನ್’ ಅನ್ನು ಮಾತ್ರ ಹೊಗಳಿದ್ದರು, ಈಬರ್ಟ್ ಅದಕ್ಕೆ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟಿದ್ದ. ಬ್ರಿಟನ್ನಿನಲ್ಲಿ ಗದ್ದಲ ಇನ್ನೂ ಜೋರು. ಮನೆಯ ವಿಡಿಯೊ ಕ್ಯಾಸೆಟ್‌ಗಳಿಗೇ ಒಂದು ಕಾನೂನು 1984ರಲ್ಲಿ ಬಂತು, ಮೊಕದ್ದಮೆಗೆ ಅರ್ಹವಾದ ಚಿತ್ರಗಳ ಪಟ್ಟಿಯಲ್ಲಿ ಒಟ್ಟು 72 ಹೆಸರುಗಳು ಸೇರಿದವು. ಅಲ್ಲಿನ ಅಭಿಮಾನಿಗಳು ಆ ಪಟ್ಟಿಯನ್ನು ಏನು ಮಾಡಿದರೆಂದು ಊಹಿಸಬಹುದು. ಒಂದೊಂದನ್ನೇ ಹುಡುಕಿ ನೋಡಿ ಗೀಟು ಎಳೆದರು.

ಹಾರರ್ ಬಳಗದೊಳಗೂ ಎಲ್ಲರೂ ಇವುಗಳನ್ನು ತಬ್ಬಿಕೊಳ್ಳಲಿಲ್ಲ. ಡ್ರಾಕುಲಾ, ಮಂಜು ಮುಸುಕಿದ ಕೋಟೆ ಎಂದು ಬೆಳೆದ ಹಿರಿಯ ಅಭಿಮಾನಿಗಳಿಗೆ ಇದು ಕಸಾಯಿಖಾನೆಯಂತೆ ಕಂಡಿತು. ಹದಿನೈದರ ಹುಡುಗರಿಗೆ ಮಾತ್ರ ಇದು ಜಾದೂ. ಈ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ‘ಫ್ರೈಡೇ’ಯಲ್ಲಿ ಹಾಸಿಗೆಯ ಮೇಲೆ ಮಲಗಿದ ಯುವಕನ ಗಂಟಲನ್ನು ಕೆಳಗಿನಿಂದ ಬಂದ ಬಾಣ ತೂರುತ್ತದೆ. ಆ ಯುವಕ ಆಗಿನ್ನೂ ಹೆಸರು ಮಾಡಿರದ ಕೆವಿನ್ ಬೇಕನ್. ಅವನು ಮಂಚದ ಕೆಳಗೆ ಮಂಡಿಯೂರಿ, ತೂತಿನಿಂದ ತಲೆಯನ್ನಷ್ಟೇ ಮೇಲೆ ಚಾಚಿದ್ದ. ಕುತ್ತಿಗೆಯೂ ಎದೆಯೂ ರಬ್ಬರಿನವು. ರಕ್ತದ ಪಂಪಿನ ಕೊಳವೆ ಆ ಹೊತ್ತಿಗೇ ಕಳಚಿಕೊಂಡಿತು. ಮಂಚದ ಕೆಳಗಿದ್ದ ಸಹಾಯಕ ಕೊಳವೆಯನ್ನು ಬಾಯಿಗಿಟ್ಟು ಜೋರಾಗಿ ಊದಿದ, ರಕ್ತ ಗುಳ್ಳೆಯೆದ್ದು ಚಿಮ್ಮಿತು. ಪಂಪಿಗಿಂತ ಚೆನ್ನಾಗಿ ಬಂತು. ಇದನ್ನೆಲ್ಲ ರೂಪಿಸಿದ ಟಾಮ್ ಸವೀನಿ ವಿಯೆಟ್ನಾಂ ಯುದ್ಧದಲ್ಲಿ ಸೇನೆಯ ಛಾಯಾಗ್ರಾಹಕನಾಗಿ ಕೆಲಸ ಮಾಡಿದ್ದವನು, ಗಾಯಗಳನ್ನು ಕಣ್ಣಾರೆ ಕಂಡವನು. 1979ರಲ್ಲಿ ಶುರುವಾದ ‘ಫ್ಯಾಂಗೋರಿಯಾ’ ಪತ್ರಿಕೆ ಇಂಥ ಕೈಚಳಕದ ಒಳಗುಟ್ಟುಗಳನ್ನು ಬಣ್ಣದ ಚಿತ್ರಗಳೊಂದಿಗೆ ಅಚ್ಚು ಹಾಕುತ್ತಿತ್ತು. ಆ ಪೀಳಿಗೆಯ ಅಭಿಮಾನಿ ಕೊಲೆಗಾರನ ಪರವೂ ಇರಲಿಲ್ಲ, ಸಾಯುವವರ ಪರವೂ ಇರಲಿಲ್ಲ. ಅವನು ಮೇಕಪ್‌ನವನ ಪರ. ಸಿಸ್ಕೆಲ್ ಕಾಣದೆ ಹೋದದ್ದು ಇದನ್ನೇ ಎಂದು ನನ್ನ ಲೆಕ್ಕ.

ಕಥೆ ಗೊತ್ತಿದ್ದೂ ನೋಡುವ ಈ ಸುಖ ನಮಗೆ ಹೊಸದಲ್ಲ. ಕೀಚಕ ಸಾಯುತ್ತಾನೆಂದು ಗೊತ್ತಿಲ್ಲದೆ ಯಾರೂ ಯಕ್ಷಗಾನದ ಚಪ್ಪರಕ್ಕೆ ಬರುವುದಿಲ್ಲ; ಇವತ್ತಿನ ಕೀಚಕ ಹೇಗೆ ಕುಣಿದ, ಹೇಗೆ ಸತ್ತ ಎಂಬುದು ಮಾರನೆಯ ದಿನದ ಮಾತು. ಸ್ಲ್ಯಾಷರ್ ಅಭಿಮಾನಿಯೂ ಹಾಗೆಯೇ ಹಿಂದಿನ ಆಟಗಳನ್ನು ತಲೆಯಲ್ಲಿಟ್ಟುಕೊಂಡು ಕೂರುತ್ತಾನೆ.

ಇನ್ನು ಹೆಂಗಸರ ಪ್ರಶ್ನೆ. 1987ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕಿ ಕ್ಯಾರಲ್ ಕ್ಲೋವರ್ ಒಂದು ಪ್ರಬಂಧ ಬರೆದರು. ಮಧ್ಯಯುಗದ ಸ್ಕ್ಯಾಂಡಿನೇವಿಯದ ಸಾಹಿತ್ಯ ಓದಿಸುತ್ತಿದ್ದ ಅವರು ಈ ಚಿತ್ರಗಳನ್ನು ಜನಪದ ಕಥೆಗಳನ್ನು ಓದುವಂತೆ ಓದಿದರು: ಮೂಲಕೃತಿ ಯಾವುದು ಎಂಬುದು ಮುಖ್ಯವಲ್ಲ, ಎಷ್ಟು ಪಾಠಾಂತರಗಳಿವೆ, ಅವುಗಳಲ್ಲಿ ಏನು ಉಳಿದುಬರುತ್ತದೆ ಎಂಬುದು ಮುಖ್ಯ. ಹಾಗೆ ಉಳಿದುಬಂದದ್ದು ಕೊನೆಯ ಹುಡುಗಿ. ‘ಫೈನಲ್ ಗರ್ಲ್’ ಎಂಬ ಹೆಸರು ಕೊಟ್ಟವರು ಅವರೇ. ಶುರುವಿನಲ್ಲಿ ಕ್ಯಾಮೆರಾ ಕೊಲೆಗಾರನ ಕಣ್ಣಾಗಿರಬಹುದು, ಆದರೆ ಚಿತ್ರ ಸಾಗಿದಂತೆ ಅದು ಅವಳ ಕಡೆಗೆ ದಾಟುತ್ತದೆ. ಥಿಯೇಟರಿನಲ್ಲಿ ಕುಳಿತ ಹುಡುಗರು ಕೊನೆಯ ಇಪ್ಪತ್ತು ನಿಮಿಷ ಒಬ್ಬ ಹುಡುಗಿಯ ಭಯವನ್ನೂ ಸಿಟ್ಟನ್ನೂ ತಮ್ಮದಾಗಿಸಿಕೊಳ್ಳುತ್ತಾರೆ, ಅವಳು ಚಾಕು ಕಿತ್ತುಕೊಂಡಾಗ ಚಪ್ಪಾಳೆ ತಟ್ಟುತ್ತಾರೆ ಎಂದರು ಕ್ಲೋವರ್. ಅವರು ಈ ಚಿತ್ರಗಳನ್ನು ಸ್ತ್ರೀವಾದಿ ಎಂದು ಹೊಗಳಲಿಲ್ಲ. ವಿದ್ವಾಂಸರಿಗೆ ಬರೆದ ಆ ಮಾತು ಸೋರಿ ಅಭಿಮಾನಿಗಳ ನಿತ್ಯದ ಮಾತಿಗೆ ಬಂದುಬಿಟ್ಟಿತು. ಅದುವರೆಗೆ ಪೋಸ್ಟರ್‌ನಲ್ಲಿ ಹಂತಕನ ಮುಖವನ್ನು ಮಾತ್ರ ಕಾಣುತ್ತಿದ್ದವರು ‘ಹ್ಯಾಲೋವೀನ್’ನ ಲಾರಿ ಸ್ಟ್ರೋಡ್, ‘ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನ ನ್ಯಾನ್ಸಿ ಥಾಂಪ್ಸನ್ ಎಂದು ಹುಡುಗಿಯರ ಹೆಸರು ಹಿಡಿದು ಮಾತಾಡತೊಡಗಿದರು.

ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಬೇರೂರಿತು: ಶೀಲವಂತೆ ಉಳಿಯುತ್ತಾಳೆ, ಉಳಿದವರು ತಮ್ಮ ಚೆಲ್ಲಾಟಕ್ಕೆ ಸಾಯುತ್ತಾರೆ ಎಂಬ ನಿಯಮ. ಮೊದಲ ‘ಹ್ಯಾಲೋವೀನ್’ನಲ್ಲೇ ಲಾರಿ ಕಾರಿನಲ್ಲಿ ಕುಳಿತು ಗಾಂಜಾ ಸೇದುತ್ತಾಳೆ. ಅವಳು ಬದುಕುವುದು ಗಮನ ಇರುವವಳಾದ್ದರಿಂದ. ಬೇಲಿಯ ಹಿಂದೆ ಯಾರೋ ನಿಂತಿದ್ದಾರೆಂದು ಅವಳಿಗೆ ಕಾಣುತ್ತದೆ, ಗೆಳತಿಯರಿಗೆ ಕಾಣುವುದಿಲ್ಲ. ನೀತಿಪಾಠ ತನ್ನ ಉದ್ದೇಶವಾಗಿರಲಿಲ್ಲ ಎಂದು ಕಾರ್ಪೆಂಟರ್ ಸಂದರ್ಶನಗಳಲ್ಲಿ ಹೇಳುತ್ತಲೇ ಬಂದಿದ್ದಾನೆ. ಅನುಕರಿಸಿದವರು ಅದನ್ನು ನೀತಿಪಾಠ ಮಾಡಿದರು ಎಂಬುದೂ ನಿಜ. 1982ರ ‘ಸ್ಲಂಬರ್ ಪಾರ್ಟಿ ಮ್ಯಾಸಕರ್’ ಅನ್ನು ಸ್ತ್ರೀವಾದಿ ಕಾದಂಬರಿಕಾರ್ತಿ ರೀಟಾ ಮೇ ಬ್ರೌನ್ ಬರೆದದ್ದೇ ಅಣಕವಾಗಿ. ಏಮಿ ಹೋಲ್ಡನ್ ಜೋನ್ಸ್ ನಿರ್ದೇಶಿಸಿದ ಆ ಚಿತ್ರವನ್ನು ಆಗ ಮಾಮೂಲಿ ಸ್ಲ್ಯಾಷರ್ ಎಂದೇ ಮಾರಿದರು, ಜನರೂ ಹಾಗೆಂದೇ ನೋಡಿದರು. ಅದರೊಳಗಿನ ನಗು ಬಹುಪಾಲು ಪ್ರೇಕ್ಷಕರಿಗೆ ಕೇಳಿಸಿದ್ದು ದಶಕಗಳ ಮೇಲೆ.

ಎಂಬತ್ತರ ದಶಕದ ಕೊನೆಗೆ ಬೇಸರ ಬಂತು. 1984ರ ‘ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನಲ್ಲಿ ವೆಸ್ ಕ್ರೇವನ್ ಹುಟ್ಟಿಸಿದ ಹಂತಕ ಫ್ರೆಡ್ಡಿ ಕ್ರೂಗರ್ ಆ ಮೊದಲ ಚಿತ್ರದಲ್ಲಿ ನಿದ್ದೆಯನ್ನೇ ಹೆದರಿಕೆಯಾಗಿಸಿದವನು. ನಾಲ್ಕು ವರ್ಷದಲ್ಲಿ ಅವನಿಗೆ ಸ್ವಂತ ಟಿ.ವಿ. ಧಾರಾವಾಹಿ, ಗೊಂಬೆ, ರ‍್ಯಾಪ್ ಹಾಡು ಎಲ್ಲವೂ ಬಂದವು, ಕೊಲ್ಲುವ ಮೊದಲು ಚಟಾಕಿ ಹಾರಿಸುವ ವಿದೂಷಕನಾದ. ಹಂತಕನನ್ನು ಪ್ರೀತಿಸಿದ್ದರ ಬೆಲೆ ಅದು. ಅವನು ಬಂದಾಗ ಚಪ್ಪಾಳೆ ಬೀಳುತ್ತದೆಂದರೆ ಹೆದರುವವರು ಯಾರು? 1989ರಲ್ಲಿ ‘ಫ್ರೈಡೇ’ ಸರಣಿಯ ಹಂತಕ ಜೇಸನ್‌ನನ್ನು ಮ್ಯಾನ್‌ಹಟನ್ನಿಗೆ ಕರೆದೊಯ್ಯುತ್ತೇವೆಂದು ಹೇಳಿ ಚಿತ್ರದ ಬಹುಭಾಗವನ್ನು ಹಡಗಿನಲ್ಲೇ ಕಳೆದರು.

ಈ ಬೇಸರವನ್ನೇ ಕಥೆಯಾಗಿಸಿದ್ದು 1996ರ ‘ಸ್ಕ್ರೀಮ್’. ಬರೆದವನು ಕೆವಿನ್ ವಿಲಿಯಮ್ಸನ್, ನಿರ್ದೇಶಿಸಿದವನು ಕ್ರೇವನ್. ಅದರ ಪಾತ್ರಗಳು ನಮ್ಮಂತೆಯೇ ಈ ಚಿತ್ರಗಳನ್ನೆಲ್ಲ ನೋಡಿದವರು. ಶುರುವಿನಲ್ಲೇ ಫೋನಿನಲ್ಲಿ ಕೊಲೆಗಾರ ಹುಡುಗಿಗೆ ಕ್ವಿಜ್ ಮಾಡುತ್ತಾನೆ: ‘ಫ್ರೈಡೇ’ಯ ಮೊದಲ ಚಿತ್ರದಲ್ಲಿ ಕೊಲೆಗಾರ ಯಾರು? ಅವಳು ಜೇಸನ್ ಎನ್ನುತ್ತಾಳೆ. ತಪ್ಪು, ಅಲ್ಲಿ ಕೊಂದದ್ದು ಅವನ ತಾಯಿ. ಸಿಸ್ಕೆಲ್ ಹದಿನಾರು ವರ್ಷ ಹಿಂದೆ ಬಯಲು ಮಾಡಿದ್ದ ಗುಟ್ಟು ಈಗ ಸಾಮಾನ್ಯ ಜ್ಞಾನದ ಪ್ರಶ್ನೆ, ಅದಕ್ಕೆ ತಪ್ಪು ಉತ್ತರ ಕೊಟ್ಟವರಿಗೆ ಸಾವು. ಪೋಸ್ಟರ್ ತುಂಬ ಮಿಂಚಿದ್ದ ಡ್ರೂ ಬ್ಯಾರಿಮೋರ್ ಮೊದಲ ದೃಶ್ಯದಲ್ಲೇ ಹೋಗುತ್ತಾಳೆ. ಅಭಿಮಾನಿಯ ಕಪಾಟಿನಲ್ಲಿ ಬಿದ್ದಿದ್ದ ಜ್ಞಾನಕ್ಕೆ ಒಮ್ಮೆಲೇ ಮರ್ಯಾದೆ ಬಂತು. ಜಗತ್ತಿನಾದ್ಯಂತ 17 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಚಿತ್ರ ಒಂದು ಹೊಸ ಪೀಳಿಗೆಯನ್ನು ತಂದಿತು. ನಮ್ಮೂರುಗಳಲ್ಲಿ ಕೇಬಲ್ ಟಿ.ವಿ., ಬಾಡಿಗೆಯ ಸಿ.ಡಿ.ಗಳ ಮೂಲಕ ಈ ಲೋಕಕ್ಕೆ ಬಂದ ಎಷ್ಟೋ ಜನ ಅಣಕವನ್ನು ಮೊದಲು ನೋಡಿ, ಅಣಕಕ್ಕೆ ಗುರಿಯಾದದ್ದನ್ನು ಆಮೇಲೆ ನೋಡಿದವರು. ಆ ಹಿಂದುಮುಂದು ಓದಿಗೂ ಒಂದು ಸ್ವಾದವಿದೆ. ಆದರೆ ಕಣ್ಣು ಮಿಟುಕಿಸುವುದೂ ಬೇಗ ಹಳತಾಗುತ್ತದೆ. ಹಾಲಿವುಡ್ ಅದನ್ನು ನಕಲು ಮಾಡಿ ಮಾಡಿ ಮೂರ್ನಾಲ್ಕು ವರ್ಷದಲ್ಲಿ ಸವೆಸಿತು.

ಮುಂದಿನ ದಶಕ ಮರುನಿರ್ಮಾಣಗಳದು. ಆ ಬಗ್ಗೆ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ. ಹಳೆಯ ಹೆಸರು, ಹೊಳೆಯುವ ಛಾಯಾಗ್ರಹಣ, ಹಂತಕನ ಬಾಲ್ಯಕ್ಕೆ ಉದ್ದನೆಯ ವಿವರಣೆ. 2007ರ ‘ಹ್ಯಾಲೋವೀನ್’ ಮರುನಿರ್ಮಾಣದಲ್ಲಿ ನಿರ್ದೇಶಕ ರಾಬ್ ಝೋಂಬಿ ಮೈಕಲ್‌ನ ಮುರಿದ ಸಂಸಾರವನ್ನು ತೋರಿಸಿದಾಗ ಹಳೆಯ ಅಭಿಮಾನಿಗಳು ಕೆರಳಿದ್ದಕ್ಕೆ ಕಾರಣವಿತ್ತು: ಮುಖವಾಡದ ಹಿಂದೆ ಏನೂ ಇಲ್ಲ ಎಂಬುದೇ ಅವನ ಭಯವಾಗಿತ್ತು. 2009ರ ‘ಫ್ರೈಡೇ’ ಮೊದಲ ವಾರಾಂತ್ಯದಲ್ಲಿ ಭರ್ಜರಿಯಾಗಿ ತೆರೆಕಂಡು, ಎರಡನೆಯದರಲ್ಲಿ ಶೇ 80ರಷ್ಟು ಕುಸಿಯಿತು.

ನಿಜವಾದ ಬದಲಾವಣೆ ಹೊಸ ಚಿತ್ರಗಳಿಂದ ಬರಲಿಲ್ಲ, ಹಳೆಯವನ್ನು ಮತ್ತೆ ನೋಡಿದ್ದರಿಂದ ಬಂತು. ಕ್ಯಾಸೆಟ್ಟಿನಲ್ಲಿ ಮಬ್ಬಾಗಿ, ಅಂಚು ಕತ್ತರಿಸಿಕೊಂಡು ಕಾಣುತ್ತಿದ್ದ ಚಿತ್ರಗಳು ಡಿ.ವಿ.ಡಿ., ಬ್ಲೂರೇಗಳಲ್ಲಿ ತೊಳೆದಿಟ್ಟಂತೆ ಬಂದವು. 1981ರ ‘ಮೈ ಬ್ಲಡಿ ವ್ಯಾಲೆಂಟೈನ್’ ಕೆನಡಾದ ಗಣಿಯೂರಿನ ಕಥೆ. ಅಮೆರಿಕದ ಪ್ರಮಾಣಪತ್ರ ಮಂಡಳಿಯನ್ನು ಸಮಾಧಾನಪಡಿಸಲು ಅದರ ಕೊಲೆಗಳನ್ನೆಲ್ಲ ಕತ್ತರಿಸಿ ಬಿಡುಗಡೆ ಮಾಡಿದ್ದರು. 2009ರಲ್ಲಿ ಆ ತುಣುಕುಗಳಲ್ಲಿ ಕೆಲವು ಮರಳಿ ಬಂದವು. ಉಳಿದ ಚಿತ್ರಕ್ಕೆ ಹೋಲಿಸಿದರೆ ಅವು ಗೀಚು ಗೀಚು, ಬಣ್ಣ ಮಾಸಿದವು. ಕೊಲೆ ಶುರುವಾಗುತ್ತಿದ್ದಂತೆ ಚಿತ್ರದ ಚರ್ಮವೇ ಬದಲಾಗುತ್ತದೆ. ಅಭಿಮಾನಿಗಳಿಗೆ ಆ ಕಲೆಗಳೂ ಪ್ರಿಯ, ಏಕೆಂದರೆ ಎಲ್ಲಿ ಕತ್ತರಿ ಆಡಿತ್ತು ಎಂಬುದು ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಜೊತೆಗೆ ಇನ್ನೊಂದೂ ಕಂಡಿತು: ಆ ಊರಿನ ಹುಡುಗರು ನಿಜವಾದ ಕೆಲಸಗಾರರಂತಿದ್ದಾರೆ, ಪಾಳಿ ಮುಗಿಸಿ ಬಿಯರ್ ಕುಡಿಯುತ್ತಾರೆ, ಬೇರೆ ಊರಿಗೆ ಹೋಗಿ ಸೋತು ಮರಳಿದವನ ಸಂಕಟ ಅದರಲ್ಲಿದೆ. ಕೊಲೆಗಳ ನಡುವಿನ ಹೊತ್ತನ್ನು ಓಡಿಸಿ ನೋಡುತ್ತಿದ್ದವರು ಈಗ ಆ ಹೊತ್ತಿಗಾಗಿಯೇ ಕೂರುತ್ತಾರೆ. ಮೊಬೈಲ್ ಇಲ್ಲದ, ತಂತಿಯ ಫೋನು ಕಿವಿಗಿಟ್ಟುಕೊಂಡು ಗಂಟೆಗಟ್ಟಲೆ ಹರಟುವ, ಸೈಕಲ್ ತುಳಿಯುವ ಆ ಊರುಗಳು ಅಂದು ಅಗ್ಗದ ಹಿನ್ನೆಲೆ, ಇಂದು ಕಳೆದುಹೋದ ಕಾಲದ ದಾಖಲೆ. ಆಗ ಹುಟ್ಟೇ ಇರದವರಿಗೂ ಹಾಗೆ ಅನ್ನಿಸುತ್ತದೆ ಎಂಬುದು ವಿಚಿತ್ರ.

ಮರುನೋಟದ ಅತಿ ದೊಡ್ಡ ಫಲ ಕಂಡದ್ದು ‘ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸರಣಿಯ ಎರಡನೇ ಚಿತ್ರಕ್ಕೆ. 1985ರ ಆ ಚಿತ್ರದಲ್ಲಿ ಹುಡುಗಿಯ ಜಾಗದಲ್ಲಿ ಹುಡುಗನಿದ್ದಾನೆ, ಹಂತಕ ಅವನ ಮೈಯೊಳಗೇ ಹೊಕ್ಕು ಹೊರಬರಲು ಹವಣಿಸುತ್ತಾನೆ. ಸಲಿಂಗಕಾಮದ ಸೂಚನೆಗಳು ಢಾಳಾಗಿದ್ದವು, ವರ್ಷಗಟ್ಟಲೆ ಅಭಿಮಾನಿಗಳು ಅದನ್ನು ಸರಣಿಯ ಮುಜುಗರವೆಂದು ನಕ್ಕು ಬದಿಗಿಟ್ಟರು. ನಾಯಕ ಮಾರ್ಕ್ ಪ್ಯಾಟನ್ ತಾನು ಸಲಿಂಗಕಾಮಿ ಎಂಬುದನ್ನು ಮುಚ್ಚಿಟ್ಟುಕೊಂಡು ಬದುಕುತ್ತಿದ್ದವನು. ಏಡ್ಸ್‌ನ ಭಯ ಅಮೆರಿಕವನ್ನು ಆವರಿಸಿದ್ದ ಕಾಲ ಅದು. ಚಿತ್ರಕಥೆಗಾರ ಆ ಸೂಚನೆಗಳು ತನ್ನವಲ್ಲ ಎನ್ನುತ್ತ ಹೊಣೆಯನ್ನು ನಟನ ಅಭಿನಯದ ಮೇಲೆ ಹೊರಿಸಿದ, ಅವು ಉದ್ದೇಶಪೂರ್ವಕ ಎಂದು ಒಪ್ಪಿದ್ದು ಎಷ್ಟೋ ಕಾಲದ ಮೇಲೆ. ಪ್ಯಾಟನ್ ನಟನೆ ಬಿಟ್ಟು ಮೆಕ್ಸಿಕೋ ಸೇರಿದ. 2019ರ ಒಂದು ಸಾಕ್ಷ್ಯಚಿತ್ರ ಅವನ ಕಥೆ ಹೇಳಿತು. ಅಷ್ಟರಲ್ಲಿ ಸಲಿಂಗಕಾಮಿ ಪ್ರೇಕ್ಷಕರು ಆ ಚಿತ್ರವನ್ನು ತಮ್ಮದೆಂದು ಎತ್ತಿಕೊಂಡಾಗಿತ್ತು. ಎಲ್ಲವೂ ಹೀಗೆ ಸುಖಾಂತವಾಗಲಿಲ್ಲ. 1983ರ ‘ಸ್ಲೀಪ್‌ಅವೇ ಕ್ಯಾಂಪ್’ನ ಕೊನೆಯ ಆಘಾತವನ್ನು ಲಿಂಗಪರಿವರ್ತಿತರ ಅವಮಾನವೆಂದು ನೋಡುವವರೂ ಇದ್ದಾರೆ, ಪೀಡಿಸಲ್ಪಟ್ಟ ಮಗುವಿನ ಸಿಟ್ಟೆಂದು ಅಪ್ಪಿಕೊಂಡವರೂ ಇದ್ದಾರೆ, ಆ ವಾದ ಈಗಲೂ ನಡೆದಿದೆ. ಕಪ್ಪು ಪಾತ್ರಗಳು ಬೇಗ ಸಾಯುವುದಕ್ಕೇ ಬರುತ್ತಾರೆ ಎಂಬ ಹಳೆಯ ಕಹಿ ನಗೆಯೂ ಈಗ ಸಾಕ್ಷ್ಯಚಿತ್ರಗಳ ವಿಷಯ.

ಗೌರವವೂ ಸಿಕ್ಕಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ 2006ರಲ್ಲಿ ‘ಹ್ಯಾಲೋವೀನ್’, 2021ರಲ್ಲಿ ಫ್ರೆಡ್ಡಿಯ ಮೊದಲ ಚಿತ್ರ, 2024ರಲ್ಲಿ ಹೂಪರ್‌ನ ಗರಗಸ ಸೇರಿದವು. ಅಸಹ್ಯ ಎನಿಸಿಕೊಂಡದ್ದು ಪರಂಪರೆ ಎನಿಸಿಕೊಂಡಾಗ ಕೆಲವು ಅಭಿಮಾನಿಗಳಿಗೆ ಖುಷಿಗಿಂತ ಕಸಿವಿಸಿಯೇ ಹೆಚ್ಚು. ಅಮ್ಮನಿಗೆ ಗೊತ್ತಾಗದಂತೆ ನೋಡಿದ್ದಕ್ಕೆ ಸರ್ಕಾರದ ಮೊಹರು ಬಿದ್ದರೆ ಮಜಾ ಎಲ್ಲಿ?

ಈಚಿನ ಹತ್ತು ವರ್ಷಗಳ ಜಗಳ ಬೇರೆ ಬಗೆಯದು. ದುಃಖ, ಸಂಸಾರ, ಜನಾಂಗದ್ವೇಷಗಳನ್ನು ಹಾರರ್‌ನಲ್ಲಿ ಹೇಳುವ ಗಂಭೀರ ಚಿತ್ರಗಳನ್ನು ವಿಮರ್ಶಕರು ಮೆಚ್ಚಿದರು. ಅವುಗಳ ಎದುರು ಸ್ಲ್ಯಾಷರ್ ಮತ್ತೆ ಬಡ ನೆಂಟನಾಯಿತು. 2022ರ ‘ಸ್ಕ್ರೀಮ್’ ಇದನ್ನೇ ಕೆಣಕಿತು. ಅದರಲ್ಲಿ ಕೊಲೆಗಾರ ಕರೆ ಮಾಡಿ ಇಷ್ಟದ ಚಿತ್ರ ಯಾವುದೆಂದು ಕೇಳಿದರೆ ಹುಡುಗಿ ಒಂದು ಗಂಭೀರ ಚಿತ್ರದ ಹೆಸರು ಹೇಳುತ್ತಾಳೆ. ಸ್ಲ್ಯಾಷರ್‌ಗಳೂ ಗಂಭೀರವಾಗಲು ನೋಡಿದವು. 2018ರ ‘ಹ್ಯಾಲೋವೀನ್’ ನಲವತ್ತು ವರ್ಷ ಆಘಾತ ಹೊತ್ತು ಬದುಕಿದ ಲಾರಿಯ ಕಥೆಯಾಯಿತು, 25 ಕೋಟಿ ಡಾಲರ್ ಗಳಿಸಿತು. ಅದೇ ತಂಡದ 2022ರ ಕೊನೆಯ ಚಿತ್ರ ಮೈಕಲ್‌ನನ್ನು ಬದಿಗೆ ಸರಿಸಿ ಇನ್ನೊಬ್ಬ ಯುವಕನ ಕಥೆ ಹೇಳಹೊರಟಿತು. ಶೀರ್ಷಿಕೆಯನ್ನು 1982ರ ಮೂರನೇ ಚಿತ್ರದ ನೀಲಿ ಅಕ್ಷರಗಳಲ್ಲೇ ಬರೆದಿತ್ತು. ಸುಳಿವು ಹಿಡಿದವರು ನಕ್ಕರು, ಉಳಿದವರು ಅಂದಿನವರಂತೆಯೇ ಬೈದರು.

ಇನ್ನೊಂದು ತುದಿಯಲ್ಲಿ ‘ಟೆರಿಫೈಯರ್’ ಇದೆ. ಮೂಕ ಕೋಡಂಗಿಯ ವೇಷದ ಹಂತಕ, ಕಣ್ಣು ಮುಚ್ಚಿಕೊಳ್ಳುವಂಥ ಕೊಲೆಗಳು, ಗಂಭೀರನಾಗುವ ಸೋಗೇ ಇಲ್ಲ. ಸುಮಾರು 20 ಲಕ್ಷ ಡಾಲರ್‌ನಲ್ಲಿ ಮಾಡಿದ ಅದರ ಮೂರನೇ ಭಾಗ 2024ರಲ್ಲಿ ಸುಮಾರು 9 ಕೋಟಿ ಡಾಲರ್ ಗಳಿಸಿತು. ಅಲ್ಲಿ ಮತ್ತೆ ಮೇಕಪ್‌ನವನದೇ ರಾಜ್ಯ. ನಿರ್ದೇಶಕ ಡೇಮಿಯನ್ ಲಿಯೋನ್ ಸ್ವತಃ ಆ ಕಸುಬಿನಿಂದ ಬಂದವನು. ಅದೇ ವರ್ಷ ಕೆನಡಾದ ‘ಇನ್ ಎ ವಯಲೆಂಟ್ ನೇಚರ್’ ಕೊಲೆಗಾರನ ಬೆನ್ನ ಹಿಂದೆಯೇ ಕ್ಯಾಮೆರಾ ಇಟ್ಟು ಕಾಡಿನಲ್ಲಿ ನಿಮಿಷಗಟ್ಟಲೆ ನಡೆಯಿತು. ಹಿನ್ನೆಲೆ ಸಂಗೀತವಿಲ್ಲ, ಎಲೆಗಳ ಸದ್ದು, ಹಕ್ಕಿಯ ಕೂಗು. ಕ್ಯಾಮೆರಾ ಹಂತಕನ ಕಡೆ ನಿಂತರೆ ನಾವೂ ಅವನ ಪಕ್ಷ ವಹಿಸುತ್ತೇವೆ ಎಂಬ 1980ರ ಆರೋಪವನ್ನು ಇಷ್ಟು ನೇರವಾಗಿ ಪರೀಕ್ಷಿಸಿದ ಚಿತ್ರ ಇನ್ನೊಂದಿಲ್ಲ. ನನಗೆ ಕಂಡಂತೆ ಅಲ್ಲಿ ಯಾರ ಪಕ್ಷವೂ ಹುಟ್ಟುವುದಿಲ್ಲ. ಅವನ ಜೊತೆ ನಡೆದು ನಡೆದು ಕಾಲು ಸೋಲುತ್ತದೆ, ಅಷ್ಟೆ.

ಯಾರ ಪಕ್ಷ ಎಂಬ ಪ್ರಶ್ನೆಗೆ ಅಭಿಮಾನಿಗಳು ತಾವೇ ಉತ್ತರ ಕೊಡುವ ಅವಕಾಶ ಸಿನಿಮಾದ ಹೊರಗೆ ಸಿಕ್ಕಿತು. ಮೊದಲ ‘ಫ್ರೈಡೇ’ಯ ಬರಹಗಾರನಿಗೂ ನಿರ್ಮಾಪಕರಿಗೂ ನಡುವೆ ಹಕ್ಕಿನ ವ್ಯಾಜ್ಯ ಹತ್ತಿದ್ದರಿಂದ ಜೇಸನ್‌ನ ಸಿನಿಮಾಗಳು ನಿಂತವು. 2017ರಲ್ಲಿ ಅವನ ಹೆಸರಿನ ವಿಡಿಯೊ ಗೇಮ್ ಬಂತು, ಮರುವರ್ಷ ಅದೇ ವ್ಯಾಜ್ಯದ ಕಾರಣ ಅದಕ್ಕೆ ಹೊಸ ಭಾಗಗಳು ಬರುವುದೂ ನಿಂತಿತು. ಒಂದು ಆಟಕ್ಕೆ ಎಂಟು ಜನ: ಒಬ್ಬ ಜೇಸನ್, ಏಳು ಮಂದಿ ಶಿಬಿರದ ಯುವಕ ಯುವತಿಯರು. ಆಟಕ್ಕೆ ಇಳಿಯುವ ಮೊದಲು ಯಾರಾಗಲು ಇಷ್ಟ ಎಂದು ಸೂಚಿಸುವ ಆಯ್ಕೆ ಇತ್ತು: ಹಂತಕ, ಶಿಬಿರದವರು, ಇಲ್ಲವೇ ಯಾರಾದರೂ ಸರಿ. ಹಂತಕನನ್ನು ಆರಿಸಿಕೊಂಡರೂ ಎಂಟರಲ್ಲಿ ಒಬ್ಬನಿಗೆ ಮಾತ್ರ ಆ ಅದೃಷ್ಟ. ಉಳಿದವರು ಕಾರಿನ ಬ್ಯಾಟರಿ ಹುಡುಕುತ್ತ, ಫೋನಿನ ತಂತಿ ಸರಿಪಡಿಸುತ್ತ, ಮಂಚದ ಕೆಳಗೆ ನುಸುಳುತ್ತ, ಜೊತೆಯವರನ್ನು ಬಿಟ್ಟು ಓಡುವುದೋ ಕಾಯುವುದೋ ಎಂದು ಆ ಕ್ಷಣದಲ್ಲೇ ತೀರ್ಮಾನಿಸಬೇಕಿತ್ತು.